ನದಿಯಾಚೆ ಉಳಿದ ಬಿಸಿಬೇಳೆ ಬಾತ್

ಅಧ್ಯಕ್ಷರು ಎಂದರೆ ಯಾವುದರ ಅಧ್ಯಕ್ಷರು ಎಂದು ಯಾರೂ ಕೇಳುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಒಂದು ವರ್ಷ ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡಿಗರ ಸಂಘವೊಂದಕ್ಕೆ ಅಧ್ಯಕ್ಷರಾಗಿದ್ದರಂತೆ. ಅವಧಿ ಮುಗಿದ ಮೇಲೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ, ಅವರೂ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ನಮ್ಮ ಆಫೀಸಿಗೆ ಮೊದಲ ಸಲ ಫೋನ್ ಮಾಡಿದಾಗ, ಈ ಕಡೆ ಕನ್ನಡದವಳೊಬ್ಬಳು ಇದ್ದಾಳೆ ಎಂದು ಗೊತ್ತಾದ ತಕ್ಷಣ, "ನಾನು ಅಧ್ಯಕ್ಷರು ಮಾತಾಡ್ತಿರೋದು" ಎಂದು ಹೇಳಿ ನಾನು ಎದ್ದು ನಿಲ್ಲಲಿ ಎನ್ನುವಂತೆ ಸುಮ್ಮನಾದರು. ನಾನು ಕೂತೇ ಇದ್ದೆ.

ನಮ್ಮದು ಪೊಟೋಮ್ಯಾಕ್ ನದಿಯ ಮೇರಿಲ್ಯಾಂಡ್ ದಡದಲ್ಲಿದ್ದ ಪುಟ್ಟ ಕಂಪನಿ. ಪ್ರತಿ ಸೆಪ್ಟೆಂಬರಿನಲ್ಲಿ ಒಂದಷ್ಟು ಜನರನ್ನು ಫ್ರಾನ್ಸಿಗೆ ಕರೆದುಕೊಂಡು ಹೋಗಿ, ಬರ್ಗಂಡಿ ಸೀಮೆಯ ಹಳೆಯ ಕಾಲುವೆಗಳ ದಂಡೆಯ ಮೇಲೆ ಮೌಂಟನ್ ಬೈಕ್ ಓಡಿಸುವುದು ಕೆಲಸ. ಹಗಲು ಸೈಕಲ್, ನಡುವೆ ಒಂದು ಮಠವೋ ಕೋಟೆಯೋ, ಸಂಜೆಗೆ ಹಳ್ಳಿಯ ಹೋಟೆಲು. ನಾನು ಗೈಡೂ ಹೌದು, ಸೈಕಲ್ ರಿಪೇರಿಯವಳೂ ಹೌದು. ಮಾಲೀಕಳು ಅಮೆರಿಕದವಳು, ಎರಡೇ ವಿಷಯದಲ್ಲಿ ಕಟ್ಟುನಿಟ್ಟು. ಒಂದು, ಫ್ರಾನ್ಸಿಗೆ ಹೊರಡುವವರೆಲ್ಲ ಬೇಸಿಗೆಯಲ್ಲಿ ನಮ್ಮೂರ ಕಾಲುವೆಯ ದಂಡೆಯ ಮೇಲೆ ಒಂದು ಟ್ರಯಲ್ ರೈಡ್ ಮಾಡಬೇಕು. ಸೈಕಲ್ ಮೇಲೆ ಅದನ್ನು ಮುಗಿಸಿದವರಿಗೆ ಅಲ್ಲಿ ಸೈಕಲ್. ಮುಗಿಸದವರು ಬರಬಹುದು, ಆದರೆ ಲಗೇಜ್ ವ್ಯಾನಿನಲ್ಲಿ ಕೂತು. ಎರಡು, ತನ್ನ ಊಟ, ನೀರು, ಟ್ಯೂಬು, ಪಂಪು ತಾನೇ ಹೊರಬೇಕು. ಫ್ರಾನ್ಸಿನ ಹಳ್ಳಿಗಳಲ್ಲಿ ಮಧ್ಯಾಹ್ನವಾದರೆ ಅಂಗಡಿಗಳ ಬಾಗಿಲು ಬೀಳುತ್ತದೆ, ಯಾರ ಹೊಟ್ಟೆ ಎಷ್ಟು ಚುರುಗುಟ್ಟಿದರೂ ತೆಗೆಯುವುದಿಲ್ಲ.

ಅಧ್ಯಕ್ಷರು ಆ ವರ್ಷದ ಬ್ಯಾಚಿಗೆ ನಾಲ್ಕು ಹೆಸರು ಕೊಟ್ಟರು. ಬ್ಯಾಚಿನಲ್ಲಿ ಬೇರೆ ಅಮೆರಿಕನ್ನರೂ ಇದ್ದರು, ಅವರ ಟ್ರಯಲ್ ಮೊದಲೇ ಮುಗಿದಿತ್ತು. ಈ ನಾಲ್ವರಲ್ಲಿ ಒಬ್ಬರು ಸ್ವತಃ ಅಧ್ಯಕ್ಷರು. ಇನ್ನಿಬ್ಬರು ಅವರ ಕನ್ಸಲ್ಟಿಂಗ್ ಕಂಪನಿಯಲ್ಲಿ ಕೆಲಸಕ್ಕಿದ್ದವರು: ಒಬ್ಬ ನದಿಯಾಚೆ ವರ್ಜೀನಿಯಾದ ಹರ್ನ್‌ಡನ್ನಿನವನು, ಇನ್ನೊಬ್ಬ ಕ್ಯಾರಿ ಎಂಬ ದೂರದ ಊರಿನಿಂದ ಡ್ರೈವ್ ಮಾಡಿಕೊಂಡು ಬಂದವನು. ಇಬ್ಬರ ವೀಸಾವೂ ಅಧ್ಯಕ್ಷರ ಕೈಯಲ್ಲಿತ್ತು, ಹಾಗಾಗಿ ಅವರು ನಕ್ಕರೆ ಇವರು ನಗುತ್ತಿದ್ದರು. ನಾಲ್ಕನೆಯವರು ಅಧ್ಯಕ್ಷರ ಹೆಂಡತಿ. ಅವರ ಹೆಸರಿನ ಮುಂದೆ ಅಧ್ಯಕ್ಷರೇ "ವ್ಯಾನ್" ಎಂದು ಬರೆಸಿದ್ದರು.

"ಅವಳು ವ್ಯಾನಲ್ಲಿ ಬರ್ತಾಳಮ್ಮ. ಕುಕ್ಕರ್ರು ಅಕ್ಕಿ ಎಲ್ಲಾ ತಗೊಂಡು ಹೋಗ್ತೀವಿ. ಆ ಫ್ರೆಂಚೋರ ಬ್ರೆಡ್ ತಿಂದ್ಕೊಂಡು ಯಾರಿರ್ತಾರೆ?" ಎಂದಿದ್ದರು.

ಟ್ರಯಲ್ಲಿನ ದಿನ ಶನಿವಾರ. ನಾವು ಹೊರಡಬೇಕಿದ್ದದ್ದು ಸೆನೆಕಾ ಎಂಬಲ್ಲಿಂದ, ಮುಟ್ಟಬೇಕಿದ್ದದ್ದು ನದಿಯ ಮೇಲ್ಭಾಗದ ಬ್ರನ್ಸ್‌ವಿಕ್ ಎಂಬ ಹಳೆಯ ರೈಲ್ವೆ ಊರನ್ನು. ಪೊಟೋಮ್ಯಾಕಿನ ಪಕ್ಕದಲ್ಲೇ, ಮೇರಿಲ್ಯಾಂಡ್ ಕಡೆ, ನೂರೈವತ್ತು ವರ್ಷಕ್ಕೂ ಹಳೆಯದಾದ ಕಾಲುವೆ ಇದೆ. ಹಿಂದೆ ಹೇಸರಗತ್ತೆಗಳು ದೋಣಿ ಎಳೆಯುತ್ತಾ ನಡೆದ ದಂಡೆಯ ದಾರಿಯೇ ಈಗ ಸೈಕಲ್ಲಿನ ದಾರಿ. ಕಾಲುವೆಯಲ್ಲಿ ನೀರಿರುವುದು ಅಲ್ಲೊಂದು ಇಲ್ಲೊಂದು ಕಡೆ. ಉಳಿದಂತೆ ಅದು ಮರ ಬೆಳೆದು ನಿಂತ ಒಣ ಹಳ್ಳ. ಆಗ ನದಿ ಉಕ್ಕಿ ಹರಿದು ಹೆಚ್ಚು ಕಾಲವಾಗಿರಲಿಲ್ಲ, ದಾರಿಯ ಜಲ್ಲಿ ಎಷ್ಟೋ ಕಡೆ ಕೊಚ್ಚಿಹೋಗಿತ್ತು.

ಅಧ್ಯಕ್ಷರು ಮುಂದೂ ಹಿಂದೂ ಸ್ಪ್ರಿಂಗ್ ಇರುವ, ಅಂಗಡಿಯ ಚೀಟಿ ಇನ್ನೂ ಹರಿಯದ ಮೌಂಟನ್ ಬೈಕ್ ಇಳಿಸಿದರು. ಟೈರು ಕಲ್ಲಿನ ಹಾಗಿತ್ತು. ಇಷ್ಟು ಗಾಳಿ ತುಂಬಿದರೆ ಜಲ್ಲಿಯ ಮೇಲೆ ಜಾರುತ್ತದೆ, ಸ್ವಲ್ಪ ಬಿಡೋಣ ಎಂದೆ. "ಅಂಗಡಿಯೋನು ಮ್ಯಾಕ್ಸಿಮಮ್ ಎಷ್ಟು ಅಂತ ಟೈರ್ ಮೇಲೇ ಬರೆದಿದಾನಮ್ಮ, ನಾನು ಅಷ್ಟೂ ಹಾಕ್ಸಿದೀನಿ" ಎಂದರು. ಮ್ಯಾಕ್ಸಿಮಮ್ ಎನ್ನುವ ಪದ ಅವರಿಗೆ ಬಹಳ ಇಷ್ಟವಾದದ್ದೆಂದು ಆ ಹೊತ್ತಿಗೇ ಗೊತ್ತಾಯಿತು.

ಹೆಂಡತಿಯ ಸೈಕಲ್ ಡಿಪಾರ್ಟ್‌ಮೆಂಟ್ ಸ್ಟೋರಿನದು. ಹಿಂದಿನ ಬ್ರೇಕಿನ ಕೇಬಲ್ ಸಡಿಲವಾಗಿತ್ತು, ಸೀಟು ಕೆಳಗಿತ್ತು. ನಾನು ಬಗ್ಗಿ ಕೇಬಲ್ ಬಿಗಿಯುವಾಗ ಅವರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಗಂಡನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು:

"ನಾನು ಮೂರು ತಿಂಗಳಿಂದ ದಿನಾ ಹೊಡೀತಿದೀನಿ ಕಣ್ರೀ. ಇವರು ಆಫೀಸಿಗೆ ಹೋದ್ಮೇಲೆ. ಇವತ್ತು ಪೂರ್ತಿ ಮುಗಿಸಿದ್ರೆ ಫ್ರಾನ್ಸಲ್ಲಿ ನಂಗೂ ಸೈಕಲ್ ಕೊಡ್ತೀರಲ್ವಾ?"

"ಮುಗಿಸಿದ್ರೆ ರೂಲ್ ಪ್ರಕಾರ ಕೊಡ್ಲೇಬೇಕು."

"ಅವರು ಬೇಡ ಅಂದ್ರೂ?"

"ಸೈಕಲ್ ಯಾರಿಗೆ ಅಂತ ಹೇಳೋದು ನಾನು."

ಅವರು ಚೂಡಿದಾರದ ಕಾಲಿಗೆ ಒಂದು ಬಟ್ಟೆಕ್ಲಿಪ್ ಸಿಗಿಸಿಕೊಂಡು ಎದ್ದರು. ಸೀಟು ಏರಿಸಿಕೊಟ್ಟೆ.

ಊಟದ ವಿಷಯದಲ್ಲಿ ನಮ್ಮ ಕಂಪನಿಯ ರೂಲು ಅಲ್ಲೇ ಮುರಿದುಬಿತ್ತು. ಅಧ್ಯಕ್ಷರು ಕರೆಸಿದ್ದ ಆಂಟಿಯೊಬ್ಬರು ಎಲಿಕಾಟ್ ಸಿಟಿಯಿಂದ ಹಸಿರು ಮಿನಿವ್ಯಾನಿನಲ್ಲಿ ಬಂದಿದ್ದರು. ಒಳಗೆ ಬಿಸಿಬೇಳೆ ಬಾತಿನ ದೊಡ್ಡ ಪಾತ್ರೆ, ಮೊಸರನ್ನ, ಹಪ್ಪಳದ ಡಬ್ಬಿ. ಅಧ್ಯಕ್ಷರು ನಾಲ್ವರ ಬ್ಯಾಗುಗಳಿಂದಲೂ ಬಾಳೆಹಣ್ಣು, ಗ್ರನೋಲಾ ಬಾರು ತೆಗೆಸಿ ವ್ಯಾನಿಗೆ ಹಾಕಿಸಿದರು. ಭಾರ ಯಾಕೆ ಹೊರಬೇಕು, ವ್ಯಾನು ಇರುವುದು ಯಾಕೆ? ನಾನು ಬೇಡವೆಂದೆ. "ನಮ್ಮೋರಿಗೆ ಇದೆಲ್ಲಾ ಆಗಲ್ಲಮ್ಮ. ನಿನ್ನ ಬಿಳಿ ಕಸ್ಟಮರ್ಸ್ ತರ ಬ್ಯಾಗಿಂದ ತಿನ್ನೋ ಜನ ಅಲ್ಲ ನಾವು. ಬಿಸಿ ಊಟ ಆಗ್ಬೇಕು." ಹರ್ನ್‌ಡನ್ನಿನವನೂ ಕ್ಯಾರಿಯವನೂ ನಕ್ಕರು.

ವ್ಯಾನು ಎಲ್ಲಿಗೆ ಬರಬೇಕೆಂದು ನಾನು ಆಂಟಿಗೆ ದಾರಿ ಬರೆದುಕೊಟ್ಟಿದ್ದೆ. ಮೊನಾಕಸಿ ಎಂಬ ಉಪನದಿ ಪೊಟೋಮ್ಯಾಕಿಗೆ ಸೇರುವ ಕಡೆ, ಕಾಲುವೆಯನ್ನು ಅದರ ಮೇಲೆ ದಾಟಿಸಲು ಕಟ್ಟಿದ ಕಲ್ಲುಕಮಾನಿನ ಹಳೆಯ ಸೇತುವೆಯೊಂದಿದೆ. ಅದರ ಪಕ್ಕ ಪಾರ್ಕಿಂಗ್ ಇದೆ, ಊಟ ಅಲ್ಲಿ. ನಾನು ಪಂಪು ಜೋಡಿಸುತ್ತಿದ್ದಾಗ ಅಧ್ಯಕ್ಷರು ಆ ಹಾಳೆಯನ್ನು ಇಸಿದುಕೊಂಡು, ಮ್ಯಾಪ್ ಬಿಡಿಸಿ, ಆಂಟಿಗೆ ಬೇರೇನೋ ತೋರಿಸಿದ್ದು ನನಗೆ ಕಾಣಲಿಲ್ಲ. ಕಂಡಿದ್ದರೆ ಆ ಮ್ಯಾಪನ್ನು ಹರಿದು ಹಾಕುತ್ತಿದ್ದೆ.

ಹೊರಟೆವು. ಅಧ್ಯಕ್ಷರು ಮುಂದೆ. ಅತಿ ಭಾರದ ಗೇರಿಗೆ ಹಾಕಿಕೊಂಡು, ಇಡೀ ಮೈ ತೂಗುತ್ತಾ, ಗಾಣದಲ್ಲಿ ಕಬ್ಬು ಅರೆಯುವವರಂತೆ ತುಳಿಯುತ್ತಿದ್ದರು. ಹಗುರ ಗೇರಿಗೆ ಬನ್ನಿ, ಮಂಡಿ ಹೋಗುತ್ತದೆ ಎಂದೆ. "ಫಸ್ಟ್ ಗೇರಲ್ಲಿ ಕಾರ್ ಓಡಿಸ್ತೀಯಾ ನೀನು?" ಎಂದರು. ಇಂಥವರಿಗೆ ಸೈಕಲ್ಲೂ ಒಂದು ಕಾರು, ಕಾರೂ ಒಂದು ಪದವಿ.

ಒಂದೊಂದು ಲಾಕಿನ ಮುಂದೂ, ಅಂದರೆ ದೋಣಿಗಳನ್ನು ಏರಿಸಿ ಇಳಿಸುತ್ತಿದ್ದ ಕಲ್ಲಿನ ತೊಟ್ಟಿಯ ಮುಂದೂ, ನಿಂತು ಅಲ್ಲಿನ ಫಲಕವನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, "ನಮ್ಮ ಕನ್ನಂಬಾಡಿ ಮುಂದೆ ಇದೆಲ್ಲಾ ಏನು?" ಎಂದು ತೀರ್ಪು ಕೊಟ್ಟರು. ಇಬ್ಬರು ಹೌದು ಸರ್ ಎಂದರು. ಅವರ ಹೆಂಡತಿ ಮಾತ್ರ ಲಾಕಿನ ಕಲ್ಲಿನ ಅಂಚಿನಲ್ಲಿ ಹಗ್ಗ ಉಜ್ಜಿ ಬಿದ್ದ ಗೀರುಗಳ ಮೇಲೆ ಬೆರಳಾಡಿಸಿ ಮತ್ತೆ ಸೈಕಲ್ ಹತ್ತಿದರು. ಆಮೇಲೆ ಅಧ್ಯಕ್ಷರು ನನ್ನ ಪಕ್ಕ ಬಂದು ಕೇಳಿದರು:

"ಅಲ್ಲಮ್ಮ, ಕಾಲುವೆ ಯಾವಾಗ ಬರತ್ತೆ?"

"ಬೆಳಗ್ಗಿಂದ ಅದರ ಪಕ್ಕದಲ್ಲೇ ಇದೀವಿ ಸರ್. ಬಲಗಡೆ ಇದ್ಯಲ್ಲ, ಮರ ಬೆಳೆದಿರೋ ಹಳ್ಳ, ಅದೇ."

ಹಳ್ಳವನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖದಲ್ಲಿ ಏನೋ ಲೆಕ್ಕ ತಪ್ಪಿದ ಕಳೆ ಬಂತು. ಯಾಕೆಂದು ಆಗ ನನಗೆ ತಿಳಿಯಲಿಲ್ಲ, ಅವರೂ ಬಾಯಿ ಬಿಡಲಿಲ್ಲ. ಒಂದು ಮಾತು ಆಡಿದ್ದರೆ ಆಗಲೇ ಏನಾದರೂ ಮಾಡಬಹುದಿತ್ತು. ಆದರೆ ಅಧ್ಯಕ್ಷರಾದವರು ತಪ್ಪು ಒಪ್ಪಿಕೊಂಡರೆ ಸಭೆಯ ಗತಿಯೇನು?

ಕ್ಯಾರಿಯವನ ಹಿಂದಿನ ಚಕ್ರ ಪಂಕ್ಚರ್ ಆಯಿತು. ದಾರಿಯುದ್ದಕ್ಕೂ ಮುಳ್ಳಿನ ಮರಗಳಿವೆ, ಇದು ಮಾಮೂಲು. ಚಕ್ರ ಬಿಚ್ಚಿ, ಟ್ಯೂಬು ಹಾಕುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ಸುತ್ತಲೂ ಸವರಿ ಮುಳ್ಳು ಹುಡುಕಬೇಕು ಎಂದು ಹೇಳಿಕೊಟ್ಟೆ. ಇದೂ ಟ್ರಯಲ್ಲಿನ ಭಾಗವೇ, ನಾನು ಕೈ ಹಾಕುವಂತಿಲ್ಲ. "ಬೇಗ ಮಾಡೋ, ಊಟಕ್ಕೆ ಲೇಟಾಗತ್ತೆ" ಎಂದು ಅಧ್ಯಕ್ಷರು ಅವಸರ ಮಾಡಿದರು. ಅವನು ಸವರಿದಂತೆ ಮಾಡಿ ಹೊಸ ಟ್ಯೂಬು ಹಾಕಿದ. ಸ್ವಲ್ಪ ದೂರದಲ್ಲೇ ಅದೇ ಮುಳ್ಳು ಅದೇ ಜಾಗದಲ್ಲಿ ಮತ್ತೆ ಚುಚ್ಚಿತು. ಆ ಎರಡನೆಯ ರಿಪೇರಿಯಲ್ಲಿ ತೇಪೆ ಒಣಗುವವರೆಗೆ ಕಾಯಬೇಕಾಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಅಧ್ಯಕ್ಷರು ಮಾತು ನಿಲ್ಲಿಸಿ ಒಂದು ಬೊಡ್ಡೆಯ ಮೇಲೆ ಕೂತುಬಿಟ್ಟಿದ್ದರು. ಆ ಮನುಷ್ಯ ಮಾತು ನಿಲ್ಲಿಸಿದ್ದು ಕಂಡು ನನಗೆ ಮೊದಲು ಸಂತೋಷವೇ ಆಯಿತು.

ಕಮಾನು ಸೇತುವೆ ಬಂತು. ಹಳೆಯ ಕಲ್ಲು ಜರುಗದಂತೆ ಅದಕ್ಕೆ ಕಬ್ಬಿಣದ ಸರಳು, ಮರದ ತೊಲೆ ಬಿಗಿದು ನಿಲ್ಲಿಸಿದ್ದರು. ಪಾರ್ಕಿಂಗಿನಲ್ಲಿ ಮೀನು ಹಿಡಿಯುವವನೊಬ್ಬನ ಟ್ರಕ್ಕು ಇತ್ತು. ಹಸಿರು ವ್ಯಾನು ಇರಲಿಲ್ಲ.

ಅದನ್ನು ಮೊದಲು ಕಂಡವರು ಹೆಂಡತಿ. "ಅಲ್ನೋಡಿ" ಎಂದರು.

ಪೊಟೋಮ್ಯಾಕಿನ ಆಚೆ ದಡದಲ್ಲಿ, ವರ್ಜೀನಿಯಾದಲ್ಲಿ, ಅಗಲವಾದ ಕಂದು ನೀರಿನ ಆ ಬದಿ ಹಸಿರು ವ್ಯಾನು ನಿಂತಿತ್ತು. ಹಿಂಬಾಗಿಲು ತೆಗೆದಿತ್ತು. ಆಂಟಿ ನೆಲಕ್ಕೆ ಚಾಪೆ ಹಾಸಿ ಪಾತ್ರೆಗಳನ್ನು ಸಾಲಾಗಿ ಇಟ್ಟಿದ್ದರು. ನಮ್ಮನ್ನು ಕಂಡು ಕೈಯಲ್ಲಿ ಹಿಡಿದದ್ದನ್ನು ಜೋರಾಗಿ ಬೀಸಿದರು. ಸೌಟೇ ಇರಬೇಕು.

ಆಗ ಎಲ್ಲ ಹೊರಬಿತ್ತು. ಅಧ್ಯಕ್ಷರು ನಮ್ಮ ಫ್ರಾನ್ಸ್ ಬ್ರೋಷರನ್ನು ಚೆನ್ನಾಗಿ ನೋಡಿದ್ದರು. ಅದರ ಫೋಟೋಗಳಲ್ಲಿ ಕಾಲುವೆ ಎಂದರೆ ತುಂಬಿದ ನೀರು, ಎರಡೂ ದಂಡೆಯಲ್ಲಿ ದಾರಿ, ಹೆಜ್ಜೆಗೊಂದು ಕಾಲುಸೇತುವೆ. ಇಲ್ಲಿನ ಮ್ಯಾಪಿನಲ್ಲಿ ಕಂಡ ಒಂದೇ ನೀಲಿ ಗೆರೆಯನ್ನು ಅವರು ಕಾಲುವೆ ಅಂದುಕೊಂಡಿದ್ದರು. ಅದು ಪೊಟೋಮ್ಯಾಕ್. ತಾವು ದಿನಾ ಓಡಾಡುವ ವರ್ಜೀನಿಯಾ ಕಡೆಯ ರಸ್ತೆ ಆ ಗೆರೆಯನ್ನು ಮುಟ್ಟುವುದು ಕಂಡು, ವ್ಯಾನು ಸಾಗಿಸುವ ಫೆರಿ ದೋಣಿಯಲ್ಲಿ ಆಚೆಗೆ ದಾಟಿ ಅಲ್ಲಿ ನಿಲ್ಲಿ, ನಾವು ಕಾಲುಸೇತುವೆ ದಾಟಿ ಬರುತ್ತೇವೆ ಎಂದು ಆಂಟಿಗೆ ಹೇಳಿದ್ದರು. ದೇಶದ ರಾಜಧಾನಿಗೆ ನೀರು ಕುಡಿಸುವ ನದಿಯನ್ನು ಈ ಮನುಷ್ಯ ಒಂದು ಹಾರು ಹಾರಿ ದಾಟುವ ಮೋರಿ ಎಂದು ಲೆಕ್ಕ ಹಾಕಿದ್ದರು. ಇಷ್ಟು ವರ್ಷ ಅದರ ಸೇತುವೆಗಳ ಮೇಲೆ ಟ್ರಾಫಿಕ್ಕಿನಲ್ಲಿ ಕೂತು ಶಾಪ ಹಾಕಿದವರು ಒಮ್ಮೆಯೂ ಕೆಳಗೆ ಬಗ್ಗಿ ನೋಡಿರಲಿಲ್ಲ.

"ಕಾಲ್ ಮಾಡಿ ಸರ್" ಎಂದ ಹರ್ನ್‌ಡನ್ನಿನವನು. ಅಧ್ಯಕ್ಷರ ಸೊಂಟದಲ್ಲಿ ಸೆಲ್‌ಫೋನ್ ಇತ್ತು. ಆಂಟಿಯ ಹತ್ತಿರ ಇರಲಿಲ್ಲ. ಆದರೂ ಅಧ್ಯಕ್ಷರು ಬಟನ್ ಒತ್ತಿದರು. ಅಧ್ಯಕ್ಷರ ಮನೆಯ ಆನ್ಸರಿಂಗ್ ಮಷಿನ್ ಅವರದೇ ದನಿಯಲ್ಲಿ ಅವರನ್ನು ಸ್ವಾಗತಿಸಿತು.

ಫೋನು ಮಡಿಸುವಾಗ ಅವರ ಕೈ ನಡುಗುತ್ತಿತ್ತು. ಮುಖ ಬಿಳುಚಿ, ಬೆವರು ತಣ್ಣಗಾಗಿತ್ತು. ಎರಡು ಹೆಜ್ಜೆ ಇಟ್ಟು ಕುಸಿದು ಕೂತರು.

"ಬೆಳಗ್ಗೆ ಏನು ತಿಂದ್ರಿ?" ಎಂದೆ.

ಉತ್ತರ ಕೊಟ್ಟದ್ದು ಹೆಂಡತಿ. "ಶನಿವಾರ ಅಲ್ವಾ, ಒಪ್ಪೊತ್ತು. ಕಾಫಿ ಒಂದೇ. ಮಧ್ಯಾಹ್ನಕ್ಕೇ ಊಟ."

ನನಗೆ ಮೈ ಉರಿದುಹೋಯಿತು. ಒಪ್ಪೊತ್ತು ಮಾಡುವವರನ್ನು ಕಂಡರೆ ನನಗೇನೂ ಅಸಡ್ಡೆಯಿಲ್ಲ, ನನ್ನ ತಾಯಿಯೂ ಮಾಡುತ್ತಾರೆ. ಆದರೆ ಅವರು ಅವತ್ತು ಮನೆಯಲ್ಲಿ ಇರುತ್ತಾರೆ, ಖಾಲಿ ಹೊಟ್ಟೆಯಲ್ಲಿ ಭಾರದ ಗೇರು ತುಳಿಯುವುದಿಲ್ಲ. ಹೊರಡುವ ಮೊದಲು ಪ್ರತಿಯೊಬ್ಬರನ್ನೂ ಕೇಳಿದ್ದೆ: ಸಕ್ಕರೆ ಕಾಯಿಲೆ ಇದೆಯೇ, ತಿಂಡಿ ಆಯಿತೇ? "ಆಯ್ತಮ್ಮ ಆಯ್ತು" ಎಂದಿದ್ದರು. ಗೈಡೊಬ್ಬಳಿಗೆ ನಿಜ ಹೇಳುವಷ್ಟೂ ಮರ್ಯಾದೆ ಕೊಡಬೇಕೆಂದು ಅವರಿಗೆ ಅನಿಸಿರಲಿಲ್ಲ.

ನೆರಳಿನಲ್ಲಿ ಮಲಗಿಸಿದೆ, ಕಾಲ ಕೆಳಗೆ ಬ್ಯಾಗು ಇಟ್ಟು ಎತ್ತರಿಸಿದೆ, ನನ್ನ ಜಾಕೆಟ್ ಹೊದಿಸಿದೆ. ನನ್ನ ಹ್ಯಾಂಡಲ್ ಚೀಲದಲ್ಲಿ ಅಂಟಂಟಾದ ಗಮ್ಮಿ ಕ್ಯಾಂಡಿ ಇತ್ತು, ಸಕ್ಕರೆಗೆ ಅದೇ ಸಾಕು. ಕೊಟ್ಟೆ. ಹಲ್ಲು ಕಟಕಟ ಎನ್ನುತ್ತಿದ್ದ ಆ ಸ್ಥಿತಿಯಲ್ಲಿ ಅವರು ಜೇಬಿನಿಂದ ಓದುವ ಕನ್ನಡಕ ತೆಗೆದು ಹಾಕಿಕೊಂಡು ಪ್ಯಾಕೆಟ್ಟಿನ ಹಿಂಬದಿ ಓದಿದರು. "ಜೆಲಟಿನ್ ಇದೆ. ನಾನ್‌ವೆಜ್" ಎಂದು ವಾಪಸ್ ಕೊಟ್ಟರು. ಕೊನೆಗೆ ಮೀನು ಹಿಡಿಯುವವನ ಹತ್ತಿರ ಒಂದು ಕ್ಯಾನ್ ಕೋಲಾ ಬೇಡಿ ತಂದೆ. ಕುಡಿಯುವ ಮೊದಲು ಹೆಂಡತಿಯನ್ನು ಕೇಳಿದರು: "ಇದು ಒಪ್ಪೊತ್ತಿಗೆ ನಡೆಯತ್ತೇನೇ?"

"ಕುಡೀರಿ, ನಡೆಯತ್ತೆ" ಎಂದರು ಅವರು. ಆ ದನಿಯಲ್ಲಿದ್ದ ದಣಿವು ಸೈಕಲ್ಲಿನದಲ್ಲ.

ನಡುಕ ನಿಂತಿತು, ಆದರೆ ಏಳಲು ಹೋದರೆ ವಾಂತಿ. ಅವರನ್ನು ಸಾಗಿಸಲು ವ್ಯಾನು ಬೇಕೇ ಬೇಕಿತ್ತು. ಮೀನು ಹಿಡಿಯುವವನು ಗಾಳ ಬಿಟ್ಟು ಟ್ರಕ್ಕು ತೆಗೆಯಲು ಒಪ್ಪಲಿಲ್ಲ. ಆಂಟಿಯೋ ನಾವು ದಾಟಿ ಬರುತ್ತೇವೆಂದು ಪಾತ್ರೆಗಳ ಮುಂದೆ ಕೂತಿದ್ದರು. ಕೂಗಿದರೆ ಕೇಳದು. ಫೆರಿ ಹಿಂದೆ ದೂರ ಉಳಿದಿತ್ತು. ಯಾರಾದರೂ ನದಿಯ ಮೇಲ್ಭಾಗದ ಪಾಯಿಂಟ್ ಆಫ್ ರಾಕ್ಸಿನ ಸೇತುವೆಯವರೆಗೆ ತುಳಿದು, ದಾಟಿ, ವರ್ಜೀನಿಯಾ ಕಡೆಯ ಹೈವೇಯಲ್ಲಿ ಹಿಂದಕ್ಕೆ ಇಳಿದು ಅವರನ್ನು ಮುಟ್ಟಬೇಕು. ಕಾಯಿಲೆ ಬಿದ್ದವರನ್ನು ಬಿಟ್ಟು ಗೈಡ್ ಕದಲುವಂತಿಲ್ಲ, ಇದು ಕಲ್ಲಿನಲ್ಲಿ ಕೆತ್ತಿದ ರೂಲು. ಅಂದರೆ ಉಳಿದವರು ಮೂವರು.

ಅಧ್ಯಕ್ಷರು ಮಲಗಿದಲ್ಲಿಂದಲೇ ಬೆರಳು ತೋರಿಸಿ ಕ್ಯಾರಿಯವನಿಗೆ, "ನೀನು ಹೋಗು" ಎಂದರು. ಅವನು ಎದ್ದ. ಅವನ ತೇಪೆಯ ಟ್ಯೂಬಿನಲ್ಲಿ ಮತ್ತೆ ಗಾಳಿ ಇಳಿದಿತ್ತು. ಹರ್ನ್‌ಡನ್ನಿನವನು ಅಂಗೈ ನೋಡಿಕೊಳ್ಳುತ್ತಾ ಕೂತಿದ್ದ, ಅವನ ಬೆರಳು ಬ್ರೇಕು ಹಿಡಿದು ಹಿಡಿದು ಮರಗಟ್ಟಿದ್ದವು. ಹೆಂಡತಿ ನೀರಿನ ಬಾಟಲಿ ತುಂಬಿಸಿಕೊಂಡು ಬಂದು ಸೈಕಲ್ಲಿನ ಪಕ್ಕ ನಿಂತಿದ್ದರು. ಉಸಿರು ಸಮನಾಗಿತ್ತು. ಬೆಳಗ್ಗೆ ಅವರೂ ಏನೂ ತಿಂದೇ ಇರಲಿಲ್ಲವೇ ಎಂದು ಭಯವಾಗಿ ಕೇಳಿದೆ.

"ಒಪ್ಪೊತ್ತು ಅವರದು. ನಾನು ನಾಲ್ಕು ಚಪಾತಿ ತಿಂದಿದೀನಿ."

"ಹೈವೇಲಿ ಅಂಚಿನ ಶೋಲ್ಡರ್ ಬಿಟ್ಟು ಒಳಗೆ ಬರ್ಬೇಡಿ. ಟ್ರಕ್ ಬಂದ್ರೆ ನಿಂತುಬಿಡಿ. ಆಗತ್ತಾ?"

"ಆಗತ್ತೆ."

"ಅವಳಾ?" ಅಧ್ಯಕ್ಷರು ತಲೆ ಎತ್ತಿದರು. "ಹೈವೇ ಮೇಲಾ? ಏನಮ್ಮ, ತಲೆ ಕೆಟ್ಟಿದ್ಯಾ ನಿಂಗೆ? ಅವಳಿಗೆ ಎಕ್ಸಿಟ್ ನಂಬರೂ ಗೊತ್ತಿಲ್ಲ."

ನಾನು ಸೇತುವೆ, ಹೈವೇ, ನದಿಗೆ ಇಳಿಯುವ ಅಡ್ಡರಸ್ತೆ ಎಲ್ಲಿ ಎಂದು ಅವರ ಹೆಂಡತಿಗೆ ಹೇಳಿದೆ. ಅವರು ಒಮ್ಮೆ ತಿರುಗಿ ಒಪ್ಪಿಸಿ, ಹೆಲ್ಮೆಟ್ ಬಿಗಿದುಕೊಂಡು ಹೊರಟರು. ಗಂಡನ ಅಪ್ಪಣೆ ಕೇಳಲಿಲ್ಲ. ಅವರು ಮರಗಳ ನಡುವೆ ಮರೆಯಾಗುವವರೆಗೂ ನೋಡುತ್ತಾ ನಿಂತೆ. ಆ ಹೈವೇ ನನಗೆ ಗೊತ್ತು, ಅಲ್ಲಿ ಯಾರೂ ಸೈಕಲ್ಲಿಗೆ ಕಾಯುವುದಿಲ್ಲ. ಏನಾದರೂ ಆದರೆ ನನ್ನ ಕೆಲಸ ಹೋಗುವುದಿರಲಿ, ನನ್ನನ್ನು ನಾನೇ ಕ್ಷಮಿಸಿಕೊಳ್ಳುತ್ತಿರಲಿಲ್ಲ.

ಕಾದೆವು. ಕೋಲಾ ಒಳಗೆ ಹೋಗಿದ್ದರಿಂದ ಅಧ್ಯಕ್ಷರಿಗೆ ಮಾತು ಮರಳಿತು. ಆ ಮ್ಯಾಪು ಸರಿಯಿಲ್ಲ, ಬಣ್ಣ ತಪ್ಪು ಹಾಕಿದ್ದಾರೆ ಎಂದರು. ಇಬ್ಬರೂ ಹೌದು ಸರ್ ಎಂದರು. ನಾನು ನದಿಯ ಆಚೆಯನ್ನೇ ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ವ್ಯಾನಿನ ಪಕ್ಕ ಒಂದು ಸಣ್ಣ ಆಕೃತಿ ಸೈಕಲ್ಲಿನಿಂದ ಇಳಿಯಿತು. ಆಂಟಿ ದಡಬಡ ಪಾತ್ರೆ ಎತ್ತಿಟ್ಟರು. ನಾನು ಉಸಿರು ಬಿಟ್ಟೆ. ಕಣ್ಣಲ್ಲಿ ನೀರೂ ಬಂತು, ಯಾರಿಗೂ ಕಾಣದಂತೆ ಒರೆಸಿಕೊಂಡೆ.

ವ್ಯಾನು ಸೇತುವೆ ಸುತ್ತಿಕೊಂಡು ನಮ್ಮ ಪಾರ್ಕಿಂಗಿಗೆ ಬಂತು. ಇಳಿದವರು ಆಂಟಿ ಒಬ್ಬರೇ.

"ಅವಳೆಲ್ಲಿ?" ಎಂದರು ಅಧ್ಯಕ್ಷರು.

"ಹತ್ತು ಅಂದೆ, ಹತ್ತಲಿಲ್ಲ ಕಣ್ರೀ. ಸೇತುವೆ ದಾಟಿ ದಂಡೆ ಮೇಲೇ ಮುಂದಕ್ಕೆ ಹೋಗ್ತೀನಿ, ಬ್ರನ್ಸ್‌ವಿಕ್ಕಲ್ಲಿ ಸಿಗಿ ಅಂದ್ಲು. ಒಂದು ಡಬ್ಬಿ ಮೊಸರನ್ನ ತಗೊಂಡ್ಲು ಅಷ್ಟೆ."

ಅಧ್ಯಕ್ಷರು ಎರಡು ತಟ್ಟೆ ಬಿಸಿಬೇಳೆ ಬಾತ್ ಉಂಡು ವ್ಯಾನ್ ಹತ್ತಿದರು. ಅವರು ಹತ್ತಿದ್ದರಿಂದ ಅವರಿಬ್ಬರೂ ಹತ್ತಿದರು. ಮೂರು ಸೈಕಲ್ ಹಿಂದಿನ ರ‍್ಯಾಕಿಗೆ ಬಿಗಿದು, ನಾನು ಅಧ್ಯಕ್ಷರ ಹೆಂಡತಿಯ ಹಿಂದೆ ಹೊರಟೆ. ಎಷ್ಟು ತುಳಿದರೂ ಅವರು ನನಗೆ ಸಿಗಲಿಲ್ಲ. ಕೆಸರಿನಲ್ಲಿ ಅವರ ಟೈರಿನ ಗುರುತು ಮಾತ್ರ ನೆಟ್ಟಗೆ ಮುಂದೆ ಹೋಗಿತ್ತು.

ಬ್ರನ್ಸ್‌ವಿಕ್ಕಿನ ರೈಲ್ವೆ ಹಳಿಗಳ ಪಕ್ಕ ಅವರು ಸೈಕಲ್ ತಲೆಕೆಳಗು ಮಾಡಿ ಚೈನಿನ ಮಣ್ಣು ಒರೆಸುತ್ತಿದ್ದರು. ವ್ಯಾನಿನಿಂದ ಮೂವರು ಗಂಡಸರು ಇಳಿದರು. ಅಧ್ಯಕ್ಷರು ಸಭೆ ಮುಕ್ತಾಯ ಮಾಡುವ ದನಿಯಲ್ಲಿ, "ಅಂತೂ ಎಲ್ಲರೂ ರೀಚ್ ಆದ್ವಿ. ನಿಮ್ಮ ಮೇಡಂಗೆ ಹೇಳಮ್ಮ, ಮೂರು ಸೈಕಲ್ ಕನ್‌ಫರ್ಮ್" ಎಂದರು.

"ಒಂದು ಸೈಕಲ್ಲು ಸರ್" ಎಂದೆ. "ಇವತ್ತು ಮುಗಿಸಿದ್ದು ಒಬ್ಬರೇ. ನೀವು ಮೂವರು ಬರೋದಾದ್ರೆ ವ್ಯಾನ್ ಸೀಟು."

"ನಾನು ವ್ಯಾನಲ್ಲಿ ಕೂತ್ಕೊಂಡು, ಇವಳು ಸೈಕಲ್ಲಲ್ಲಾ?" ಮುಖ ಕೆಂಪಾಯಿತು. "ಹಾಗಾದ್ರೆ ಯಾರೂ ಬರಲ್ಲ. ನಾಲ್ಕೂ ಹೆಸರು ಕ್ಯಾನ್ಸಲ್ ಮಾಡು."

ಇಬ್ಬರು ಗಂಡಸರು ನೆಲ ನೋಡಿದರು. ನಾನು ಅಧ್ಯಕ್ಷರ ಹೆಂಡತಿಯನ್ನು ನೋಡಿದೆ. ಹೆಸರು ಕೊಟ್ಟವರು ಗಂಡ, ತೆಗೆಯುವವರೂ ಅವರೇ ಆಗಿಬಿಟ್ಟರೆ ನಾನು ಮಾಡುವಂಥದ್ದು ಏನೂ ಇರಲಿಲ್ಲ. ಅವರು ಕೈಯ ಗ್ರೀಸನ್ನು ಚಿಂದಿಗೆ ಒರೆಸಿಕೊಂಡು, ಗಂಡನನ್ನು ಬಿಟ್ಟು ನನ್ನನ್ನು ಕೇಳಿದರು:

"ನಮ್ಮೋರು ಯಾರೂ ಬರದೇ ಇದ್ರೂ ಟ್ರಿಪ್ ಹೊರಡತ್ತಾ?"

"ಹೊರಡತ್ತೆ. ಬೇರೆಯವರೆಲ್ಲಾ ಇದಾರೆ, ನಾನೂ ಇರ್ತೀನಿ."

"ಹಾಗಾದ್ರೆ ನನ್ನ ಹೆಸರು ಇರಲಿ" ಎಂದರು. ಆಮೇಲೆ ಗಂಡನ ಕಡೆ ತಿರುಗಿದರು. ಸಿಟ್ಟೇನೂ ಇರಲಿಲ್ಲ, ದಿನಸಿ ತರಲು ಹೇಳುವಷ್ಟೇ ಸಹಜವಾಗಿ ಹೇಳಿದರು:

"ನಾನಿಲ್ದಾಗ ಮಧ್ಯೆ ಶನಿವಾರ ಬರತ್ತೆ. ಹೊರಡೋಕೆ ಮುಂಚೆ ನಿಮಗೆ ಅನ್ನ ಮಾಡೋದು ಹೇಳ್ಕೊಡ್ತೀನಿ."